“ನನಗೆ ಗೊತ್ತು” ಎನ್ನಲಾಗದವರಿಗೆ ಜಾಗವಿದೆಯೇ? ಮಾರ್ಮನ್ ಯುವಜನರ ನಂಬಿಕೆಯ ಪ್ರಶ್ನೆ

[ದೃಶ್ಯ: ಯೂಟಾ ರಾಜ್ಯದ ಒಂದು ಸಾಧಾರಣ ಚರ್ಚ್ ಸಭಾಂಗಣ. ಉದ್ದನೆಯ ಬೆಂಚುಗಳಲ್ಲಿ ಕುಟುಂಬಗಳು ಕುಳಿತಿವೆ. ವೇದಿಕೆಯ ಮೈಕಿನ ಮುಂದೆ ಸದ್ಯಕ್ಕೆ ಯಾರೂ ಇಲ್ಲ.]

ನಮಸ್ಕಾರ. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಮಾರ್ಮನ್ ಚರ್ಚುಗಳಲ್ಲಿ ಯಾರು ಮಾತನಾಡಬೇಕೆಂದು ಮೊದಲೇ ಗೊತ್ತುಮಾಡಿರುವುದಿಲ್ಲ. ಅಂದು ಉಪವಾಸದ ದಿನ. ಎರಡು ಹೊತ್ತಿನ ಊಟ ಬಿಟ್ಟು, ಅದರ ಖರ್ಚಿನಷ್ಟು ಹಣವನ್ನು ಬಡವರ ನೆರವಿಗೆಂದು ಕೊಡುವ ಜನ, ಮನಸ್ಸಿಗೆ ಪ್ರೇರಣೆಯಾದಾಗ ಎದ್ದು ಹೋಗಿ ತಮ್ಮ ನಂಬಿಕೆಯ ಸಾಕ್ಷಿ ಹೇಳುತ್ತಾರೆ. ಎಂಬತ್ತು ದಾಟಿದ ಅಜ್ಜಂದಿರಿಂದ ಹಿಡಿದು, ಅಮ್ಮ ಕಿವಿಯಲ್ಲಿ ಹೇಳಿಕೊಟ್ಟದ್ದನ್ನು ಮೈಕಿನಲ್ಲಿ ಒಪ್ಪಿಸುವ ಐದು ವರ್ಷದ ಮಕ್ಕಳವರೆಗೆ ಬಹುತೇಕ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: “ಈ ಚರ್ಚ್ ಸತ್ಯವೆಂದು ನನಗೆ ಗೊತ್ತು.”

ಅದೇ ಬೆಂಚಿನ ಮೇಲೆ ಹತ್ತೊಂಬತ್ತು, ಇಪ್ಪತ್ತು ವರ್ಷದವರೂ ಕುಳಿತಿರುತ್ತಾರೆ. ಅವರಲ್ಲಿ ಕೆಲವರಿಗೆ ಈ ಮಾತನ್ನು ಹೇಳಲು ಮನಸ್ಸು ಒಪ್ಪುವುದಿಲ್ಲ. ಅವರಿಗೆ ದೇವರ ಮೇಲೆ ಕೋಪವಿಲ್ಲ, ಚರ್ಚ್ ಬಿಡುವ ಆತುರವೂ ಇಲ್ಲ; ಆದರೂ ತಮಗೆ ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಲಾರರು. ಅಂಥವರಿಗೆ ಆ ಸಭೆಯಲ್ಲಿ ಜಾಗವಿದೆಯೇ ಎಂಬುದೇ ಈ ವಿಡಿಯೋದ ಪ್ರಶ್ನೆ. ಮಾರ್ಮನ್ನರನ್ನು ವಿಚಿತ್ರ ಪಂಥವೆಂದು ದೂರದಿಂದ ನೋಡಿ ಬೆರಗಾಗುವ ವಿಡಿಯೋಗಳು ಬೇಕಾದಷ್ಟಿವೆ. ಆ ಬೆರಗಿನಲ್ಲಿ ಈ ಹುಡುಗ ಹುಡುಗಿಯರ ನಿಜವಾದ ಸಂಕಟ ಮರೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಜೋಸೆಫ್ ಸ್ಮಿತ್ ಎಂಬ ಯುವಕ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಈ ಚರ್ಚನ್ನು ಸ್ಥಾಪಿಸಿದರು. 1844ರಲ್ಲಿ ಇಲಿನಾಯ್ ರಾಜ್ಯದ ಕಾರ್ತೇಜ್ ಜೈಲಿನಲ್ಲಿ ಉದ್ರಿಕ್ತ ಗುಂಪೊಂದು ಅವರನ್ನು ಕೊಂದಿತು. ಬಳಿಕ ಬ್ರಿಗಮ್ ಯಂಗ್ ಅವರ ಮುಂದಾಳತ್ವದಲ್ಲಿ ಅನುಯಾಯಿಗಳು ಪಶ್ಚಿಮಕ್ಕೆ ಹೊರಟು, 1847ರ ಜುಲೈನಲ್ಲಿ ಇಂದಿನ ಯೂಟಾದ ಸಾಲ್ಟ್ ಲೇಕ್ ಕಣಿವೆಯನ್ನು ಸೇರಿದರು. ಇಂದು ಚರ್ಚಿನ ಲೆಕ್ಕದ ಪ್ರಕಾರ 1 ಕೋಟಿ 70 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಮೆರಿಕದ ಹೊರಗಿದ್ದಾರೆ. ‘ಮಾರ್ಮನ್’ ಎಂಬ ಅಡ್ಡಹೆಸರನ್ನು ಬಿಟ್ಟು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂಬ ಪೂರ್ಣ ಹೆಸರನ್ನೇ ಬಳಸಬೇಕೆಂದು ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಒತ್ತಿ ಹೇಳಿದರು. ನಮ್ಮ ವೀಕ್ಷಕರಿಗೆ ಪರಿಚಯವಿರುವುದು ಹಳೆಯ ಹೆಸರಾದ್ದರಿಂದ ಇಲ್ಲಿ ಅದನ್ನೇ ಬಳಸುತ್ತಿದ್ದೇನೆ. ಇದರಲ್ಲಿ ಅಗೌರವದ ಉದ್ದೇಶವಿಲ್ಲ.

[ದೃಶ್ಯ: ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಧರಿಸಿದ ಇಬ್ಬರು ಯುವಕರು ಬೀದಿಯಲ್ಲಿ ನಡೆದು ಹೋಗುತ್ತಿದ್ದಾರೆ.]

ಈ ಚರ್ಚಿನಲ್ಲಿ ಬೆಳೆಯುವ ಮಗುವಿನ ಬದುಕಿಗೆ ಒಂದೊಂದು ವಯಸ್ಸಿಗೂ ಒಂದೊಂದು ಮೆಟ್ಟಿಲು ಸಿದ್ಧವಾಗಿರುತ್ತದೆ. ಎಂಟನೆಯ ವರ್ಷಕ್ಕೆ ದೀಕ್ಷಾಸ್ನಾನ. ಪ್ರೌಢಶಾಲೆಯ ನಾಲ್ಕು ವರ್ಷ ‘ಸೆಮಿನರಿ’ ಎಂಬ ಧರ್ಮಪಾಠ. ಯೂಟಾದಲ್ಲಿ ಅದು ಶಾಲೆಯ ವೇಳೆಯ ನಡುವೆಯೇ ನಡೆದರೆ, ಬೇರೆ ಎಷ್ಟೋ ಕಡೆ ಮಕ್ಕಳು ಬೆಳಗಿನ ಜಾವಕ್ಕೇ ಎದ್ದು ತರಗತಿಗೆ ಹೋಗುತ್ತಾರೆ. ಹದಿನೆಂಟಾದ ಹುಡುಗನಿಂದ ಎರಡು ವರ್ಷದ ಮಿಷನ್ ಸೇವೆಯನ್ನು, ಅಂದರೆ ಮನೆ ಬಿಟ್ಟು ಹೋಗಿ ಧರ್ಮಪ್ರಚಾರ ಮಾಡುವುದನ್ನು, ಸಮುದಾಯ ಎದುರು ನೋಡುತ್ತದೆ. ಹುಡುಗಿಯರಿಗೆ ಇದು ಕಡ್ಡಾಯದ ಕರ್ತವ್ಯವಲ್ಲವಾದರೂ, 2012ರಲ್ಲಿ ಅವರ ಕನಿಷ್ಠ ವಯಸ್ಸನ್ನು 21ರಿಂದ 19ಕ್ಕೆ ಇಳಿಸಿದ ಮೇಲೆ ಹದಿನೆಂಟು ತಿಂಗಳ ಸೇವೆಗೆ ಹೊರಡುವ ಹುಡುಗಿಯರ ಸಂಖ್ಯೆ ಬಹಳ ಏರಿತು. ಆಮೇಲೆ ದೇವಾಲಯದಲ್ಲಿ ಮದುವೆ. ದೇವಾಲಯವೆಂದರೆ ಭಾನುವಾರದ ಸಭೆ ನಡೆಯುವ ಚರ್ಚ್ ಅಲ್ಲ, ವಿಶೇಷ ವಿಧಿಗಳಿಗೆಂದೇ ಇರುವ ಬೇರೆ ಕಟ್ಟಡ. ಅಲ್ಲಿ ಬೆಸೆದ ಮದುವೆಯ ಬಂಧ ಸಾವಿನಾಚೆಗೂ ಉಳಿಯುತ್ತದೆ ಎಂಬುದು ಅವರ ನಂಬಿಕೆ.

ಮಿಷನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಯಾವ ದೇಶಕ್ಕೆ ಹೋಗಬೇಕೆಂದು ಆ ಯುವಕ ಆರಿಸಿಕೊಳ್ಳುವಂತಿಲ್ಲ. ಕರೆ ಚರ್ಚಿನ ಕೇಂದ್ರವಾದ ಸಾಲ್ಟ್ ಲೇಕ್ ಸಿಟಿಯಿಂದ ಬರುತ್ತದೆ. ಖರ್ಚು ಸ್ವಂತದ್ದು ಅಥವಾ ಮನೆಯವರದ್ದು. ಬಹುಕಾಲ ನಡೆದುಬಂದ ದಿನಚರಿಯಲ್ಲಿ ಬೆಳಿಗ್ಗೆ ಆರೂವರೆಗೆ ಏಳುವುದು, ರಾತ್ರಿ ಹತ್ತೂವರೆಗೆ ಮಲಗುವುದು. ಜೊತೆಗಾರನೊಬ್ಬ ಸದಾ ಕಣ್ಣಳತೆಯಲ್ಲೇ ಇರಬೇಕು. 2019ರ ಫೆಬ್ರುವರಿಯವರೆಗೆ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಅವಕಾಶವಿತ್ತು, ಕ್ರಿಸ್‌ಮಸ್‌ಗೆ ಒಮ್ಮೆ, ತಾಯಂದಿರ ದಿನಕ್ಕೆ ಇನ್ನೊಮ್ಮೆ. ಈಗ ವಾರಕ್ಕೊಮ್ಮೆ ಮಾತನಾಡಬಹುದು. ಹೊರಗಿನವರಿಗೆ ಇದು ಸಣ್ಣ ತಿದ್ದುಪಡಿಯಾಗಿ ಕಾಣಬಹುದು. ಆದರೆ ಹತ್ತೊಂಬತ್ತನೇ ವಯಸ್ಸಿನಲ್ಲಿ, ಭಾಷೆ ಬಾರದ ಊರಿನಲ್ಲಿ, ದಿನವಿಡೀ ಮುಚ್ಚಿದ ಬಾಗಿಲುಗಳನ್ನು ತಟ್ಟಿ ಬಂದವನಿಗೆ ಅಮ್ಮನ ದನಿ ಎಂಥ ಆಸರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬಹಳ ಮಂದಿ ಈ ಎರಡು ವರ್ಷಗಳಲ್ಲಿ ಬಲಿತು, ಹೊಸ ಭಾಷೆ ಕಲಿತು, ಅಪರಿಚಿತರ ಕಷ್ಟಕ್ಕೆ ಕಿವಿಗೊಡುವುದನ್ನು ಕಲಿತು ಮರಳುತ್ತಾರೆ. ಕೆಲವರು ಅನಾರೋಗ್ಯದಿಂದಲೋ ಆತಂಕ, ಖಿನ್ನತೆಯಿಂದಲೋ ನಂಬಿಕೆ ಅಲುಗಾಡಿದ್ದರಿಂದಲೋ ಅವಧಿಗೆ ಮೊದಲೇ ಹಿಂತಿರುಗುತ್ತಾರೆ. ಹಾಗೆ ಬಂದವನನ್ನು ಊರಿನವರು ಬಾಯಿಬಿಟ್ಟು ಬೈಯುವುದಿಲ್ಲ. “ಯಾಕೆ ಬೇಗ ಬಂದೆ?” ಎಂಬ ಪ್ರಶ್ನೆ ಮಾತ್ರ ಎಲ್ಲರ ಮುಖದಲ್ಲೂ ಇರುತ್ತದೆ. ಕಾಯಿಲೆಯಿಂದ ಬಂದ ಹುಡುಗನೂ ಸೋತು ಬಂದವನಂತೆ ತಲೆತಗ್ಗಿಸಿ ನಡೆಯಬೇಕಾದ ಸ್ಥಿತಿ ಇದ್ದರೆ, ತಪ್ಪು ಆ ಹುಡುಗನದ್ದಲ್ಲ ಎಂದು ನಾನು ದೃಢವಾಗಿ ಹೇಳುತ್ತೇನೆ.

ಈ ಒತ್ತಡ ಅರ್ಥವಾಗಬೇಕಾದರೆ ‘ವಾರ್ಡ್’, ಅಂದರೆ ಒಂದು ಪ್ರದೇಶದ ಸದಸ್ಯರ ಸ್ಥಳೀಯ ಸಭೆ, ಎಂಬುದನ್ನು ತಿಳಿಯಬೇಕು. ಮಾರ್ಮನ್ನರಲ್ಲಿ ನಮಗಿಷ್ಟವಾದ ಚರ್ಚಿಗೆ ಹೋಗುವ ಪದ್ಧತಿಯಿಲ್ಲ. ಮನೆಯ ವಿಳಾಸದ ಮೇಲೆ ವಾರ್ಡ್ ನಿಗದಿಯಾಗುತ್ತದೆ. ವಾರ್ಡಿನ ಮುಖ್ಯಸ್ಥನಾದ ಬಿಷಪ್‌ಗೆ ಸಂಬಳವಿಲ್ಲ. ಆತ ವಾರವಿಡೀ ದಂತವೈದ್ಯನೋ ಅಕೌಂಟೆಂಟನೋ ಆಗಿ ದುಡಿಯುವ ನೆರೆಯವನೇ. ಮಕ್ಕಳಿಗೆ ಪಾಠ, ಹಾಡಿನ ತಂಡ, ಬಡವರ ನೆರವು, ಸಭಾಂಗಣ ಗುಡಿಸುವುದು, ಹೀಗೆ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ. ಬಾಣಂತಿಯ ಮನೆಗೆ ಊಟ ತಾನಾಗಿ ಬರುತ್ತದೆ. ಮನೆ ಬದಲಿಸುವ ದಿನ ಸಾಮಾನು ಹೊರಲು ಹತ್ತು ಜನ ಬಂದು ನಿಲ್ಲುತ್ತಾರೆ. ಇಂದಿನ ಅಮೆರಿಕದಲ್ಲಿ ಇಷ್ಟು ಒತ್ತಾಗಿ ಹೆಣೆದುಕೊಂಡ ನೆರೆಹೊರೆ ಅಪರೂಪ, ಮತ್ತು ಅದನ್ನು ಕಟ್ಟಿದ ಶ್ರೇಯಸ್ಸು ಈ ಚರ್ಚಿಗೆ ಸಲ್ಲಬೇಕು.

ಆದರೆ ಹೆಣಿಗೆ ಅಷ್ಟು ಒತ್ತಾಗಿರುವುದರಿಂದಲೇ ಒಬ್ಬನ ಸಂದೇಹ ಅವನೊಬ್ಬನದ್ದಾಗಿ ಉಳಿಯುವುದಿಲ್ಲ. ದೇವಾಲಯದ ಒಳಗೆ ಕಾಲಿಡಬೇಕಾದರೆ ಬಿಷಪ್ ಮತ್ತು ಅವರ ಮೇಲಿನ ನಾಯಕರ ಸಂದರ್ಶನದಲ್ಲಿ ಉತ್ತೀರ್ಣರಾಗಿ ‘ರೆಕಮೆಂಡ್’ ಎಂಬ ಪತ್ರ ಪಡೆಯಬೇಕು. ಆದಾಯದ ಹತ್ತನೇ ಒಂದು ಪಾಲು ಕೊಡುತ್ತೀರಾ, ಮದ್ಯ, ತಂಬಾಕು, ಕಾಫಿ, ಟೀ ಬಿಟ್ಟಿದ್ದೀರಾ, ಚರ್ಚಿನ ಅಧ್ಯಕ್ಷರನ್ನು ಪ್ರವಾದಿಯೆಂದು ಒಪ್ಪುತ್ತೀರಾ ಎಂಬುದನ್ನೆಲ್ಲ ಅಲ್ಲಿ ಕೇಳಲಾಗುತ್ತದೆ. ಪ್ರಾಮಾಣಿಕವಾಗಿ ಉತ್ತರಿಸಿ ಪತ್ರ ಕಳೆದುಕೊಂಡ ಅಣ್ಣ, ತಂಗಿಯ ಮದುವೆ ದೇವಾಲಯದೊಳಗೆ ನಡೆಯುವಾಗ ಹೊರಗಿನ ಕೋಣೆಯಲ್ಲಿ ಕಾಯುತ್ತಾನೆ. ಸದಸ್ಯರಲ್ಲದ ತಂದೆ ತಾಯಿಗೂ ಇದೇ ಪಾಡು. ಹಿಂದೆ ಅಮೆರಿಕದಲ್ಲಿ, ಎಲ್ಲರೂ ನೋಡುವಂತೆ ಮೊದಲು ಹೊರಗೆ ಮದುವೆಯಾದವರು ದೇವಾಲಯದ ವಿಧಿಗೆ ಒಂದು ವರ್ಷ ಕಾಯಬೇಕಿತ್ತು. 2019ರ ಮೇ ತಿಂಗಳಲ್ಲಿ ಆ ನಿಯಮವನ್ನು ತೆಗೆಯಲಾಯಿತು. ಎಷ್ಟೋ ತಾಯಂದಿರಿಗೆ ಮಗಳ ಮದುವೆಯನ್ನು ಕಣ್ಣಾರೆ ಕಾಣುವ ದಾರಿ ಅಂದು ತೆರೆಯಿತು. ಚರ್ಚಿನ ಇತ್ತೀಚಿನ ಬದಲಾವಣೆಗಳಲ್ಲಿ ಅತ್ಯಂತ ಮಾನವೀಯವಾದದ್ದು ಯಾವುದೆಂದು ಕೇಳಿದರೆ ನಾನು ಇದನ್ನೇ ಹೆಸರಿಸುತ್ತೇನೆ.

[ದೃಶ್ಯ: ರಾತ್ರಿ, ಮೊಬೈಲ್ ಪರದೆಯ ಬೆಳಕಿನಲ್ಲಿ ಓದುತ್ತಿರುವ ಯುವತಿ.]

ಸಂದೇಹ ಎಲ್ಲಿಂದ ಹುಟ್ಟುತ್ತದೆ? ಹಿಂದಿನ ತಲೆಮಾರಿಗೆ ಚರ್ಚಿನ ಇತಿಹಾಸವೆಂದರೆ ಭಾನುವಾರದ ಪಾಠದಲ್ಲಿ ಕೇಳಿದ್ದಷ್ಟೇ. ಇಂದು ಮೊಬೈಲಿನಲ್ಲಿ ಒಂದು ಹುಡುಕಾಟ ಸಾಕು. ಇದನ್ನು ಮನಗಂಡೇ ಚರ್ಚ್ 2013ರಿಂದ ಕಷ್ಟದ ವಿಷಯಗಳ ಮೇಲೆ ತನ್ನದೇ ಜಾಲತಾಣದಲ್ಲಿ ಸುದೀರ್ಘ ಪ್ರಬಂಧಗಳನ್ನು ಪ್ರಕಟಿಸಿತು. ಜೋಸೆಫ್ ಸ್ಮಿತ್ ಹಲವು ಸ್ತ್ರೀಯರನ್ನು ಮದುವೆಯಾಗಿದ್ದರು ಎಂಬುದನ್ನು ಅಲ್ಲಿ ಒಪ್ಪಲಾಗಿದೆ. 1852ರಲ್ಲಿ ಬ್ರಿಗಮ್ ಯಂಗ್ ಬಹಿರಂಗವಾಗಿ ಸಾರಿದ ನಿರ್ಬಂಧದಂತೆ ಆಫ್ರಿಕನ್ ಮೂಲದ ಪುರುಷರಿಗೆ 1978ರವರೆಗೆ ಯಾಜಕತ್ವ, ಅಂದರೆ ಚರ್ಚಿನ ವಿಧಿಗಳನ್ನು ನಡೆಸುವ ಅಧಿಕಾರ, ನಿರಾಕರಿಸಲಾಗಿತ್ತು. ಅದನ್ನು ಸಮರ್ಥಿಸಲು ಹಿಂದಿನವರು ಹೇಳುತ್ತಿದ್ದ ಕಾರಣಗಳನ್ನು ಇನ್ನೊಂದು ಪ್ರಬಂಧ ತಿರಸ್ಕರಿಸುತ್ತದೆ. ಇದು ಪ್ರಾಮಾಣಿಕ ಹೆಜ್ಜೆ. ಆದರೂ ಓದಿದ ಯುವತಿಯ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಇಷ್ಟು ವರ್ಷ ನನಗೆ ಯಾರೂ ಇದನ್ನೇಕೆ ಹೇಳಲಿಲ್ಲ? ಎಷ್ಟೋ ಸಲ ಇತಿಹಾಸದ ಘಟನೆಗಿಂತ ಈ ಪ್ರಶ್ನೆಯೇ ಹೆಚ್ಚು ನೋಯಿಸುತ್ತದೆ.

ಸಲಿಂಗಪ್ರೇಮಿ ಯುವಜನರ ಪಾಡು ಇನ್ನೂ ಕಠಿಣ. ಸಲಿಂಗ ವಿವಾಹವಾದವರು ಧರ್ಮಭ್ರಷ್ಟರೆಂದೂ, ಅಂಥ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಎಂಟಕ್ಕೆ ದೀಕ್ಷಾಸ್ನಾನ ಕೊಡುವಂತಿಲ್ಲವೆಂದೂ 2015ರ ನವೆಂಬರ್‌ನಲ್ಲಿ ಹೊಸ ನಿಯಮ ಬಂತು. 2019ರ ಏಪ್ರಿಲ್‌ನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಮುಂದಿನ ವರ್ಷ ಫೆಬ್ರುವರಿಯಲ್ಲಿ, ಚರ್ಚ್ ನಡೆಸುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ನೀತಿಸಂಹಿತೆಯಿಂದ ಸಲಿಂಗ ವರ್ತನೆಯನ್ನು ನಿಷೇಧಿಸುವ ಸಾಲುಗಳು ಮಾಯವಾದವು. ಪ್ರೋವೋ ನಗರದ ಆ ಆವರಣದಲ್ಲಿ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಅಪ್ಪಿಕೊಂಡು ಸಂಭ್ರಮಿಸಿದರು. ಅಡಗಿಸಿಟ್ಟಿದ್ದ ಸತ್ಯವನ್ನು ಕೆಲವರು ಅಂದೇ ಬಹಿರಂಗವಾಗಿ ಹೇಳಿಕೊಂಡರು. ಮಾರ್ಚ್ 4ರಂದು ಪತ್ರವೊಂದು ಬಂತು. ಸಲಿಂಗ ಪ್ರಣಯವು ನೀತಿಸಂಹಿತೆಯ ತತ್ವಗಳಿಗೆ ಹೊಂದುವುದಿಲ್ಲ ಎಂದು ಅದು ಸ್ಪಷ್ಟಪಡಿಸಿತು. ತಾವು ಯಾರೆಂದು ಹೇಳಿಕೊಂಡುಬಿಟ್ಟಿದ್ದವರು ಆ ಮಾತನ್ನು ಮತ್ತೆ ಬಚ್ಚಿಡುವುದು ಹೇಗೆ? ಒಂದು ವರ್ಷದ ನಂತರ, 2021ರ ಮಾರ್ಚ್ 4ರ ರಾತ್ರಿ, ವಿಶ್ವವಿದ್ಯಾಲಯದ ಹಿಂದಿನ ಬೆಟ್ಟದ ಮೇಲಿರುವ ಬೃಹತ್ ‘ವೈ’ ಅಕ್ಷರವನ್ನು ವಿದ್ಯಾರ್ಥಿಗಳು ಕಾಮನಬಿಲ್ಲಿನ ಬಣ್ಣಗಳಲ್ಲಿ ಬೆಳಗಿಸಿದರು.

ಇದೇ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿ ಮುಂದುವರಿಯಲು ಧಾರ್ಮಿಕ ನಾಯಕರ ಅನುಮೋದನೆ ಬೇಕು. ಬೇರೆ ಧರ್ಮದವರಾಗಿ ಬಂದು ಸೇರಿದರೆ ತೊಂದರೆಯಿಲ್ಲ. ಚರ್ಚಿನ ಸದಸ್ಯರಾಗಿ ಬಂದವರು ನಡುವೆ ಅಧಿಕೃತವಾಗಿ ಸದಸ್ಯತ್ವ ಬಿಟ್ಟರೆ ಓದೇ ನಿಲ್ಲುವ ಅಪಾಯವಿದೆ. ಡಿಗ್ರಿಗೆ ಒಂದು ವರ್ಷ ಬಾಕಿ ಇರುವ ವಿದ್ಯಾರ್ಥಿ ತನ್ನ ಸಂದೇಹವನ್ನು ಯಾರ ಬಳಿಯೂ ಹೇಳಿಕೊಳ್ಳದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಹುಡುಗಿಯರ ಪ್ರಶ್ನೆ ಬೇರೆ ಬಗೆಯದು. ಹನ್ನೆರಡರ ಆಸುಪಾಸಿನ ತಮ್ಮನಿಗೆ ಸಿಗುವ ಯಾಜಕತ್ವ, ಮಿಷನ್ ಮುಗಿಸಿ ಬಂದ ಅಕ್ಕನಿಗೆ ಸಿಗುವುದಿಲ್ಲ. ಸ್ತ್ರೀಯರಿಗೂ ಯಾಜಕತ್ವದ ದೀಕ್ಷೆ ಕೊಡಬೇಕೆಂದು ಸಂಘಟನೆ ಕಟ್ಟಿದ ಕೇಟ್ ಕೆಲ್ಲಿ ಅವರನ್ನು 2014ರ ಜೂನ್‌ನಲ್ಲಿ ಚರ್ಚಿನಿಂದ ಹೊರಹಾಕಲಾಯಿತು. 2019ರಿಂದ ದೀಕ್ಷಾಸ್ನಾನಕ್ಕೆ ಸ್ತ್ರೀಯರೂ ಸಾಕ್ಷಿಯಾಗಿ ನಿಲ್ಲಬಹುದು. ಬದಲಾವಣೆ ಬರುತ್ತಿದೆ, ಆದರೆ ಕಾಯುವವರ ತಾಳ್ಮೆಗಿಂತ ನಿಧಾನವಾಗಿ. ಅವಿವಾಹಿತರಿಗೆ ಪ್ರತ್ಯೇಕ ವಾರ್ಡುಗಳಿವೆ. ವಯಸ್ಸಿನ ಮಿತಿ ದಾಟಿದವರು, ಮದುವೆ ಮಕ್ಕಳ ಸುತ್ತಲೇ ಹೆಣೆದ ಕುಟುಂಬಗಳ ವಾರ್ಡಿಗೆ ಒಂಟಿಯಾಗಿ ಮರಳಬೇಕು.

ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ, ಅಮೆರಿಕದಲ್ಲಿ ಮಾರ್ಮನ್ನರಾಗಿ ಬೆಳೆದವರಲ್ಲಿ 2007ರಲ್ಲಿ ನೂರಕ್ಕೆ 70 ಮಂದಿ ದೊಡ್ಡವರಾದ ಮೇಲೂ ಹಾಗೆಯೇ ಗುರುತಿಸಿಕೊಳ್ಳುತ್ತಿದ್ದರು. 2014ಕ್ಕೆ ಅದು 64ಕ್ಕೆ ಇಳಿಯಿತು. ಬಿಟ್ಟುಹೋದವರ ಕಥೆಗಳು ಅಂತರ್ಜಾಲದಲ್ಲಿ ಹೇರಳವಾಗಿವೆ, ಭಕ್ತರ ಕಥೆಗಳೂ ಹಾಗೆಯೇ. ನಡುವೆ ಇರುವವರ ದನಿ ಮಾತ್ರ ಕ್ಷೀಣ. ಅವರು ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಾರೆ, ಪ್ರಾರ್ಥಿಸುತ್ತಾರೆ, ಕೆಲವು ಬೋಧನೆಗಳನ್ನು ಒಪ್ಪದೆಯೂ ಕುಳಿತಿರುತ್ತಾರೆ.

[ದೃಶ್ಯ: ಬೆಂಗಳೂರಿನ ಬೀದಿ, ಹೋಟೆಲೊಂದರಲ್ಲಿ ಕಾಫಿ ಕಾಯಿಸುತ್ತಿರುವ ನೋಟ.]

ಬೆಂಗಳೂರಿಗೂ ಈ ಚರ್ಚಿಗೂ ನೇರ ನಂಟಿದೆ. 1993ರಲ್ಲಿ ಇಲ್ಲಿ ಮಿಷನ್ ಕೇಂದ್ರ ಆರಂಭವಾಯಿತು. ಭಾರತದ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ನೆಲ್ಸನ್ ಘೋಷಿಸಿದರು; 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಗೆ ಸಮನಾದ ವಿಧಿ ನಡೆಯಿತು. ಇಲ್ಲಿ ಪ್ರಶ್ನೆ ತಿರುವುಮುರುವು. ಯೂಟಾದ ಯುವಕನಿಗೆ ಚರ್ಚ್ ಬಿಟ್ಟರೆ ಮನೆ ದೂರವಾಗುವ ಭಯ. ಇಲ್ಲಿ ಬೇರೆ ನಂಬಿಕೆಯ ಮನೆಯಿಂದ ಹೊಸದಾಗಿ ಬಂದವರಿಗೆ ಚರ್ಚ್ ಸೇರಿದ್ದಕ್ಕೇ ಮನೆ ದೂರವಾಗುವ ಭಯ. ನೆಂಟರ ಮನೆಯಲ್ಲಿ ಅತ್ತೆ ಪ್ರೀತಿಯಿಂದ ತಂದಿಟ್ಟ ಕಾಫಿಯನ್ನು “ಬೇಡ” ಎಂದರೆ ಅದರ ಬಿಸಿ ಎಲ್ಲಿಗೆ ತಟ್ಟುತ್ತದೆಂದು ಕನ್ನಡಿಗರಿಗೆ ಚೆನ್ನಾಗಿ ಗೊತ್ತು.

ಕೊನೆಯದಾಗಿ, ಚರ್ಚಿನ ಒಳಗಿನಿಂದಲೇ ಬಂದ ಒಂದು ಉತ್ತರ. ಚರ್ಚಿನ ಹಿರಿಯ ನಾಯಕರ ಮಂಡಳಿಯಾದ ಹನ್ನೆರಡು ಅಪೊಸ್ತಲರಲ್ಲಿ ಒಬ್ಬರಾಗಿದ್ದ ಜೆಫ್ರಿ ಹಾಲೆಂಡ್ 2013ರ ಏಪ್ರಿಲ್‌ನ ಚರ್ಚ್ ಸಮ್ಮೇಳನದಲ್ಲಿ, ಹದಿನಾಲ್ಕು ವರ್ಷದ ಹುಡುಗನೊಬ್ಬ ಹಿಂಜರಿಯುತ್ತಲೇ ತಮ್ಮ ಬಳಿ ಹೇಳಿದ ಮಾತನ್ನು ನೆನೆದರು: ಚರ್ಚ್ ಸತ್ಯವೆಂದು ನನಗೆ ಗೊತ್ತು ಎನ್ನಲು ಇನ್ನೂ ಆಗದು, ಆದರೆ ನಂಬುತ್ತೇನೆ. ಹಾಲೆಂಡ್ ಆ ಹುಡುಗನನ್ನು ಬಿಗಿದಪ್ಪಿಕೊಂಡರು. ಬರೀ ನಂಬುತ್ತೇನೆ ಎನ್ನುವುದಕ್ಕಾಗಿ ನೀನು ಎಂದೂ ಕ್ಷಮೆ ಕೇಳಬೇಕಾಗಿಲ್ಲ ಎಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡೀಟರ್ ಉಕ್ಟ್‌ಡಾರ್ಫ್ ಎಂಬ ಹಿರಿಯ ನಾಯಕರು, ಚರ್ಚಿನ ಮುಖಂಡರಿಂದಲೂ ತಪ್ಪುಗಳಾಗಿವೆ ಎಂದು ಅದೇ ವೇದಿಕೆಯಿಂದ ಒಪ್ಪಿಕೊಂಡು, ಪ್ರಶ್ನೆಗಳಿರುವವರನ್ನು ಬನ್ನಿ, ನಮ್ಮೊಡನೆ ಸೇರಿ ಎಂದು ಕರೆದರು.

ಮೇಲಿನಿಂದ ಈ ಮಾತು ಬಂದು ವರ್ಷಗಳೇ ಕಳೆದರೂ ತಿಂಗಳ ಮೊದಲ ಭಾನುವಾರದ ರೂಢಿ ಇನ್ನೂ ಗಟ್ಟಿಯಾಗಿಯೇ ಇದೆ. ಗಮನಿಸಬೇಕಾದ ವಿಷಯವೊಂದಿದೆ. ದೇವಾಲಯ ಪ್ರವೇಶದ ಸಂದರ್ಶನದ ಪ್ರಶ್ನೆಗಳನ್ನು ಪರಿಷ್ಕರಿಸಿ, ನೆಲ್ಸನ್ ಅವರು 2019ರ ಅಕ್ಟೋಬರ್ ಸಮ್ಮೇಳನದಲ್ಲಿ ಎಲ್ಲರೆದುರು ಓದಿದರು. ನಿಮಗೆ ನಂಬಿಕೆಯಿದೆಯೇ, ಸಾಕ್ಷಿಯಿದೆಯೇ ಎಂದು ಅಲ್ಲಿ ಕೇಳುತ್ತಾರೆ; ಶುದ್ಧರಾಗಿರಲು, ಪ್ರಾಮಾಣಿಕರಾಗಿರಲು ಪ್ರಯತ್ನಿಸುತ್ತೀರಾ ಎಂದು ಕೇಳುತ್ತಾರೆ. ನಿಮಗೆ ಗೊತ್ತೇ ಎಂದು ಒಂದು ಪ್ರಶ್ನೆಯೂ ಕೇಳುವುದಿಲ್ಲ.