ಲೇಕ್‌ವುಡ್‌ನಲ್ಲಿ ಸತ್ತವರಿಗಾಗಿ ಅಳುವವರು ಯಾರು?

ನಮಸ್ಕಾರ. ಇವತ್ತು 'ಸ್ಕ್ರೀಮ್' ಬಗ್ಗೆ ಮಾತಾಡೋಣ. ಸಿನಿಮಾ ಅಲ್ಲ, 2015ರಲ್ಲಿ ಎಂಟಿವಿಯಲ್ಲಿ ಬಂದ ಸೀರೀಸ್. ಅದರಲ್ಲೂ ಮೊದಲ ಸೀಸನ್ ಮಾತ್ರ. ಕೊಲೆ ಮಾಡಿದ್ದು ಯಾರು ಅನ್ನುವುದನ್ನೂ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ನೋಡುವ ಆಸೆ ಇರುವವರು ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ಬರೀ 10 ಎಪಿಸೋಡು. ಒಂದು ಭಾನುವಾರ ಸಾಕು.

ಇದರ ಮೊದಲ ಎಪಿಸೋಡಿನಲ್ಲಿ ನೋವಾ ಅಂತ ಒಬ್ಬ ಹುಡುಗ ಇದ್ದಾನೆ. ಹಾರರ್ ಹುಚ್ಚಿನವನು, ಬಾಯಿ ಜಾಸ್ತಿ. ಅವನು ಹೇಳುತ್ತಾನೆ: ಸ್ಲಾಶರ್ ಸಿನಿಮಾವನ್ನು, ಅಂದರೆ ಕೊಲೆಗಾರ ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾ ಹೋಗುವಂಥ ಸಿನಿಮಾವನ್ನು, ಟಿವಿ ಸೀರೀಸ್ ಮಾಡೋಕೆ ಆಗಲ್ಲ. ಸ್ಲಾಶರ್ ಅಂದರೆ ಬೇಗ ಹೊತ್ತಿ ಬೇಗ ಉರಿದು ಮುಗಿಯಬೇಕು. ಟಿವಿ ಅಂದರೆ ಎಳೆಯಬೇಕು. ಎಳೆಯುವುದು ಅಂದರೆ ಏನು ಅಂತ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ. ಸಂಜೆ ಧಾರಾವಾಹಿಯಲ್ಲಿ ಒಂದು ಬಾಗಿಲು ತೆರೆಯುವುದಕ್ಕೇ ಮೂರು ದಿನ ಹಿಡಿಯುತ್ತದೆ.

ಆದರೆ ಎಪಿಸೋಡಿನ ಕೊನೆಗೆ ಇದೇ ನೋವಾ ಅದಕ್ಕೆ ಉಪಾಯವನ್ನೂ ಹೇಳುತ್ತಾನೆ. ಇದು ಹಾರರ್ ಕಥೆ ಅನ್ನುವುದನ್ನು ನೋಡುವವರು ಮರೆಯಬೇಕು. ಪಾತ್ರಗಳ ಮೇಲೆ ಪ್ರೀತಿ ಬೆಳೆಯಬೇಕು. ಆಮೇಲೆ ಅವರು ಸತ್ತಾಗ ನೋವಾಗುತ್ತದೆ. ಅಂದರೆ ಸೀರೀಸ್ ತನ್ನ ಪರೀಕ್ಷೆಯ ಪ್ರಶ್ನೆ ಪತ್ರಿಕೆಯನ್ನು ತಾನೇ ಬರೆದು ನಮ್ಮ ಕೈಗೆ ಕೊಟ್ಟಿದೆ. ಇಲ್ಲಿ ಸಾವು ನೋವಾಗಿ ಉಳಿಯುತ್ತದಾ? ನನ್ನ ಉತ್ತರ: ಎರಡು ಸಲ ಉಳಿಯಿತು. ಉಳಿದ ಕಡೆಯೆಲ್ಲ ಸಾವು ಬರೀ ಸುಳಿವಾಯಿತು.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಊರು ಲೇಕ್‌ವುಡ್. ಕೆರೆಯ ಪಕ್ಕದ ಪುಟ್ಟ ಊರು, ಶೂಟಿಂಗ್ ಆಗಿದ್ದು ಲೂಸಿಯಾನಾದಲ್ಲಿ. ಸುಮಾರು ಇಪ್ಪತ್ತು ವರ್ಷ ಹಿಂದೆ ಅಲ್ಲಿ ಬ್ರ್ಯಾಂಡನ್ ಜೇಮ್ಸ್ ಅಂತ ಒಬ್ಬ ಹುಡುಗ ಇದ್ದ. ಮುಖದ ವಿಕಾರದಿಂದಾಗಿ ಎಲ್ಲರೂ ಅವನನ್ನು ಆಡಿಕೊಳ್ಳುತ್ತಿದ್ದರು. ಅವನು ಡೇಸಿ ಅನ್ನುವ ಹುಡುಗಿಯನ್ನು ಇಷ್ಟಪಟ್ಟಿದ್ದ. ಸಹಪಾಠಿಗಳನ್ನು ಕೊಂದ ಅಂತ ಅವನ ಮೇಲೆ ಆರೋಪ ಬಂತು. ಕೆರೆಯ ಹತ್ತಿರ ಅವನಿಗೆ ಗುಂಡು ಹೊಡೆದರು. ಆ ಡೇಸಿಯೇ ಈಗ ಮ್ಯಾಗಿ ಡುವಾಲ್, ನಮ್ಮ ನಾಯಕಿ ಎಮ್ಮಾಳ ತಾಯಿ, ಊರಿನಲ್ಲಿ ಶವಪರೀಕ್ಷೆ ಮಾಡುವವಳು. ಈಗ ಯಾರೋ ಅದೇ ಹಳೆಯ ಮುಖವಾಡ ಹಾಕಿಕೊಂಡು ಎಮ್ಮಾಳ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಿದ್ದಾರೆ.

ಮುಖವಾಡದ ಬಗ್ಗೆ ಜಗಳ ಆಗಿದ್ದು ನಿಮಗೆ ನೆನಪಿರಬಹುದು. ಸಿನಿಮಾದ ಗೋಸ್ಟ್‌ಫೇಸ್, ಅಂದರೆ ಆ ಬಿಳಿ ದೆವ್ವದ ಮುಖವಾಡ, ಇಲ್ಲಿ ಇಲ್ಲ. ಇದು ಆಪರೇಷನ್ ಆದ ಮೇಲೆ ಮುಖಕ್ಕೆ ಕಟ್ಟುವಂಥ ಮುಖವಾಡ. ನನಗೇನೂ ಬೇಜಾರಾಗಲಿಲ್ಲ. ಆ ಊರಿನ ಕಥೆಗೆ ಅದು ಒಪ್ಪುತ್ತದೆ. ಫೋನಿನಲ್ಲಿ ಬರುವ ಕೊಲೆಗಾರನ ದನಿ ಬೇರೆ ಆಗಿದ್ದೇ ನನಗೆ ಜಾಸ್ತಿ ಕಾಡಿದ್ದು. ಹಳೆಯ ದನಿಯಲ್ಲಿ ಒಂದು ತುಂಟತನ ಇತ್ತು. ಇದು ಸುಮ್ನೆ ಹೆದರಿಸುತ್ತದೆ, ಅಷ್ಟೇ.

ಸರಿ, ಸಾವಿನ ಲೆಕ್ಕಕ್ಕೆ ಬರೋಣ.

ಮೊದಲು ಸಾಯುವವಳು ನೀನಾ. ಬೆಲ್ಲಾ ಥಾರ್ನ್ ಮಾಡಿದ ಪಾತ್ರ. ಪೋಸ್ಟರಿನಲ್ಲಿ ದೊಡ್ಡ ಮುಖ, ಹತ್ತು ನಿಮಿಷದಲ್ಲಿ ಹೆಣ. 1996ರ 'ಸ್ಕ್ರೀಮ್' ಸಿನಿಮಾ ಡ್ರೂ ಬ್ಯಾರಿಮೋರ್ ಅನ್ನುವ ಹೆಸರಾಂತ ನಟಿಯ ಜೊತೆ ಮಾಡಿದ ಅದೇ ಆಟ. ದೊಡ್ಡ ಮನೆ, ಎಲ್ಲಾ ಕಡೆ ಗಾಜು, ಕೈಯಲ್ಲಿ ಫೋನು. ಗೆಳೆಯನೇ ಮೆಸೇಜ್ ಮಾಡುತ್ತಿದ್ದಾನೆ ಅಂದುಕೊಂಡಿರುತ್ತಾಳೆ. ಆ ಗೆಳೆಯನ ತಲೆ ಬಂದು ಬಿಸಿನೀರಿನ ತೊಟ್ಟಿಗೆ ಬೀಳುತ್ತದೆ. ಚೆನ್ನಾಗಿದೆ, ಬೆಚ್ಚಿಬೀಳುತ್ತೀರಿ. ಆದರೆ ನೋವಾಗಲ್ಲ, ಆಗಲಿ ಅಂತ ಅದನ್ನು ಮಾಡಿಯೂ ಇಲ್ಲ. ಅಲ್ಲಿಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ರೇಚಲ್ ವಿಷಯದಲ್ಲಿ. ಸೀರೀಸ್ ಶುರುವಾಗುವುದೇ ಒಂದು ವಿಡಿಯೋದಿಂದ. ಆಡ್ರಿ ಅನ್ನುವ ಹುಡುಗಿ ಕಾರಿನಲ್ಲಿ ಇನ್ನೊಬ್ಬ ಹುಡುಗಿಗೆ ಮುತ್ತು ಕೊಡುತ್ತಿರುತ್ತಾಳೆ. ಯಾರೋ ಕದ್ದು ಚಿತ್ರೀಕರಿಸುತ್ತಾರೆ. ನೀನಾಳ ಗುಂಪು ಅದನ್ನು ಊರಿಗೆಲ್ಲ ಹಂಚುತ್ತದೆ. ಎಮ್ಮಾ ಕೂಡ ಅದೇ ಗುಂಪಿನವಳು, ಒಂದು ಕಾಲಕ್ಕೆ ಆಡ್ರಿಯ ಜೀವದ ಗೆಳತಿ. ಆ ಇನ್ನೊಬ್ಬ ಹುಡುಗಿಯೇ ರೇಚಲ್. ಸ್ವಲ್ಪ ಹೊತ್ತಿಗೆ ಅವಳು ನೇಣು ಬಿಗಿದ ಸ್ಥಿತಿಯಲ್ಲಿ ಸಿಗುತ್ತಾಳೆ. ಆತ್ಮಹತ್ಯೆ ಅಂತ ಎಲ್ಲರೂ ನಂಬುತ್ತಾರೆ.

ಒಂದು ಕ್ಷಣ ಯೋಚನೆ ಮಾಡಿ. ಹುಡುಗಿಯೊಬ್ಬಳ ಗುಟ್ಟು ಅವಳನ್ನು ಕೇಳದೆ ಬೀದಿಗೆ ಬಂದಿದೆ. ಅವಳು ಸತ್ತಿದ್ದಾಳೆ. ನಾಚಿಕೆಯಿಂದ ಪ್ರಾಣ ಬಿಟ್ಟಳು ಅಂತ ಊರು ಅಂದುಕೊಂಡಿದೆ. ವಿಡಿಯೋ ಹರಡಿದವರು ಅದೇ ಶಾಲೆಯ ಕಾರಿಡಾರಿನಲ್ಲಿ ಓಡಾಡುತ್ತಿದ್ದಾರೆ. ಇದು ಚಾಕುವಿಗಿಂತ ಭಯಂಕರ ಅಲ್ವಾ? ಹದಿಹರೆಯದ ಕಥೆ ಮಾಡುವವರಿಗೆ ಇದಕ್ಕಿಂತ ದೊಡ್ಡ ವಿಷಯ ಬೇಕಾ? ಸೀರೀಸ್ ಇದನ್ನು ಏನು ಮಾಡುತ್ತದೆ ಗೊತ್ತಾ? ಅದು ಆತ್ಮಹತ್ಯೆಯಲ್ಲ, ಕೊಲೆ ಅಂತ ಗೊತ್ತಾದ ಕೂಡಲೇ ಎಲ್ಲರಿಗೂ ಒಂಥರಾ ನಿರಾಳ. ಕೊಲೆ ಅಂದ ಮೇಲೆ ತಪ್ಪು ಕೊಲೆಗಾರನದು. ವಿಡಿಯೋ ಹಂಚಿದವರ ಪಾಪ ಅಲ್ಲಿಗೆ ಹಗುರಾಯಿತು. ರೇಚಲ್ ಬಗ್ಗೆ ಅಳಲು ಆಡ್ರಿಗೆ ಒಂದೆರಡು ದೃಶ್ಯ ಸಿಗುತ್ತದೆ. ಬೆಕ್ಸ್ ಟೇಲರ್ ಕ್ಲಾಸ್ ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಇನ್ನೂ ನಾಲ್ಕು ದೃಶ್ಯ ಕೊಡಬಾರದಿತ್ತಾ ಅನ್ನಿಸುತ್ತದೆ. ಕೊಡಲಿಲ್ಲ. ಕಥೆ ಮುಂದಕ್ಕೆ ಓಡಿತು.

ಇನ್ನು ರೈಲಿ. ಹೋದ ವಾರ ಈ ಸೀಸನ್ ಮತ್ತೆ ನೋಡಿದೆ. ಆ ದೃಶ್ಯ ಈಗಲೂ ಹಾಗೇ ಇದೆ.

ರೈಲಿ ಜೊತೆ ನೋವಾನ ಪ್ರೀತಿ ಈಗಷ್ಟೇ ಶುರುವಾಗಿದೆ. ಇಬ್ಬರಿಗೂ ಮಾತು ಇನ್ನೂ ತಡವರಿಸುತ್ತದೆ. ಮೂರನೇ ಎಪಿಸೋಡಿನ ಕೊನೆಗೆ ಅವಳನ್ನು ಮುಖವಾಡದವರು ಅಟ್ಟಿಸಿಕೊಂಡು ಬರುತ್ತಾರೆ. ಅವಳು ಓಡಿ ಬರುವುದು ಎಲ್ಲಿಗೆ? ಪೊಲೀಸ್ ಸ್ಟೇಷನ್ನಿಗೆ. ಸ್ಲಾಶರ್‌ನಲ್ಲಿ ಹುಡುಗಿಯರು ದಡ್ಡರ ಥರ ಮೇಲಿನ ಮಹಡಿಗೇ ಓಡುತ್ತಾರೆ ಅಂತ ನಾವು ನಗುತ್ತೇವಲ್ಲ. ಇವಳು ಸರಿಯಾದ ಜಾಗಕ್ಕೇ ಓಡಿದ್ದಾಳೆ. ಬಾಗಿಲು ತೆರೆಯುವುದಿಲ್ಲ. ಗೋಡೆಗಿದ್ದ ಏಣಿ ಹತ್ತುತ್ತಾಳೆ. ಏಟು ಬೀಳುತ್ತದೆ. ಹೇಗೋ ತಾರಸಿಗೆ ತಲುಪುತ್ತಾಳೆ. ಕೊಲೆಗಾರ ಹಿಂದೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಕೆಲಸ ಆಗಿದೆ. ಆಗ ಅವಳು ನೋವಾನಿಗೆ ವಿಡಿಯೋ ಕಾಲ್ ಮಾಡುತ್ತಾಳೆ. ನಕ್ಷತ್ರಗಳ ಮಾತು ಬರುತ್ತದೆ. ಅವನು ಮಾತಾಡಿಸುತ್ತಾ ಇರುತ್ತಾನೆ, ಅವಳ ದನಿ ಸಣ್ಣದಾಗುತ್ತಾ ಹೋಗುತ್ತದೆ.

ಇಲ್ಲಿ ಸಂಗೀತದ ಗದ್ದಲ ಇಲ್ಲ. ತಟ್ಟನೆ ಬೆಚ್ಚಿಸುವ ಆಟ ಇಲ್ಲ. ಸೀರೀಸ್ ಉದ್ದಕ್ಕೂ ಫೋನು ಶತ್ರು. ವಿಡಿಯೋ ಕದಿಯುತ್ತದೆ, ಮೆಸೇಜ್‌ನಲ್ಲಿ ಬೆದರಿಸುತ್ತದೆ. ಇಲ್ಲಿ ಮಾತ್ರ ಅದೇ ಫೋನು ಕೊನೆಯ ಜೊತೆ. ಸಿನಿಮಾದಲ್ಲಿ ಇಂಥ ಸಾವಿಗೆ ಸಮಯ ಸಿಗುವುದಿಲ್ಲ. 1996ರ ಸಿನಿಮಾ ಎರಡು ಗಂಟೆಯೂ ಇಲ್ಲ. ಇಲ್ಲಿ ಹೆಚ್ಚುಕಡಿಮೆ ಏಳು ಗಂಟೆ ಇದೆ. ನೋವಾ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲೇ. ಅದೂ ಅವನ ಮೇಲೆಯೇ ಪ್ರಯೋಗ ಮಾಡಿ. ಪಾತ್ರಗಳ ಮೇಲೆ ಪ್ರೀತಿ ಬೆಳೆಯಬೇಕು ಅಂದವನಿಗೇ ಪ್ರೀತಿ ಬೆಳೆಸಿ, ಕಿತ್ತುಕೊಂಡರು. ನೋವಾ ಪಾತ್ರ ಮಾಡಿದ ಜಾನ್ ಕಾರ್ನಾ ಮುಖದಲ್ಲಿ ಆ ತಮಾಷೆಯೆಲ್ಲ ಇಳಿದುಹೋಗುವುದನ್ನು ನೋಡಬೇಕು.

ನಾಲ್ಕನೇ ಎಪಿಸೋಡಿನ ಹೆಸರು 'ಆಫ್ಟರ್‌ಮ್ಯಾತ್'. ಹೆಸರು ನೋಡಿ ನನಗೆ ಆಸೆ ಹುಟ್ಟಿತ್ತು. ಸ್ವಲ್ಪ ಹೊತ್ತು ದುಃಖ ಇದೆ. ಆಮೇಲೆ ಎಲ್ಲರೂ ಪಾಳುಬಿದ್ದ ಆಸ್ಪತ್ರೆಗೆ ಸುಳಿವು ಹುಡುಕಲು ಹೊರಡುತ್ತಾರೆ. ನೋವಾ ಮತ್ತೆ ಪತ್ತೇದಾರ. ಮತ್ತೆ ಜೋಕು.

ನೋವಾಗಿ ಉಳಿದ ಎರಡನೆಯ ಸಾವು ವಿಲ್‌ದು. ಎಮ್ಮಾಳ ಪ್ರೇಮಿ, ಮೋಸಗಾರ, ಆಮೇಲೆ ಪಶ್ಚಾತ್ತಾಪ ಪಡುವವನು. ಅವಳ ಮೊದಲ ರಾತ್ರಿಯ ವಿಡಿಯೋ ಕೂಡ ಶಾಲೆಗೆಲ್ಲ ಹರಡಿದೆ. ಆಡ್ರಿಗೆ ಆಗಿದ್ದೇ ಈಗ ಎಮ್ಮಾಗೆ. ಇಷ್ಟಾದರೂ ಅವನನ್ನು ಉಳಿಸಲು ಅವಳು ಓಡುತ್ತಾಳೆ. ಅವನನ್ನು ಒಂದು ಯಂತ್ರದ ಎದುರು ಕಟ್ಟಿಹಾಕಿದ್ದಾರೆ. ಅವಳ ಕಾಲು ತಂತಿಗೆ ತಗಲುತ್ತದೆ, ಯಂತ್ರ ಶುರುವಾಗುತ್ತದೆ. ದೃಶ್ಯ ಸಿಕ್ಕಾಪಟ್ಟೆ ಕ್ರೂರ. ಆದರೆ ಆ ಕ್ರೌರ್ಯಕ್ಕೆ ಅರ್ಥ ಇದೆ. ಕೊಂದದ್ದು ಬೇರೆಯವರು, ಗುಂಡಿ ಒತ್ತಿದಂತೆ ಆಗಿದ್ದು ಎಮ್ಮಾಳ ಕಾಲಿನಿಂದ. ಅದರ ಮುಂದಿನ ಎಪಿಸೋಡಿನಲ್ಲಿ ಅವಳು ನಿಜವಾಗಿ ಕುಸಿಯುತ್ತಾಳೆ. ಎಮ್ಮಾ ಪಾತ್ರದ ವಿಲ್ಲಾ ಫಿಟ್ಜ್‌ಜೆರಾಲ್ಡ್ ಅಲ್ಲಿಯವರೆಗೆ ನನಗೆ ಸ್ವಲ್ಪ ಸಪ್ಪೆ ಅನ್ನಿಸಿದ್ದರು. ಅಲ್ಲಿಂದ ಅಭಿಪ್ರಾಯ ಬದಲಾಯಿತು.

ಈ ಎರಡು ಸಾವಿನ ನಡುವೆ ತುಂಬಾ ಜೊಳ್ಳಿದೆ. ಮೇಯರ್, ಅವನನ್ನು ಬ್ಲ್ಯಾಕ್‌ಮೇಲ್ ಮಾಡುವ ಹುಡುಗರು, ಅವನ ಹೆಂಡತಿ ಎಲ್ಲಿ ಹೋದಳು ಅನ್ನುವ ರಗಳೆ. ಇದೆಲ್ಲ ಕಿತ್ತು ಹಾಕಿದರೂ ಏನೂ ನಷ್ಟ ಇಲ್ಲ. ಇನ್ನೊಂದು ವಿಷಯ ನನಗೆ ನಿಜಕ್ಕೂ ಸಿಟ್ಟು ಬರಿಸುತ್ತದೆ. ಬ್ರೂಕ್ ಅನ್ನುವ ವಿದ್ಯಾರ್ಥಿನಿಗೂ ಬ್ರ್ಯಾನ್ಸನ್ ಅನ್ನುವ ಮೇಷ್ಟ್ರಿಗೂ ಸಂಬಂಧ. ಸೀರೀಸ್ ಇದನ್ನು ಕದ್ದುಮುಚ್ಚಿ ಮಾಡುವ ಪ್ರಣಯದ ಥರ ತೋರಿಸುತ್ತದೆ. ಅವನು ಕೊಲೆಗಾರನಾ ಅಲ್ವಾ ಅನ್ನುವುದೊಂದೇ ಇಲ್ಲಿ ಪ್ರಶ್ನೆ. ಮೇಷ್ಟ್ರಾಗಿ ಅವನು ಮಾಡುತ್ತಿರುವುದು ಏನು ಅಂತ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಪುಣ್ಯಕ್ಕೆ ಕಾರ್ಲ್ಸನ್ ಯಂಗ್ ಬ್ರೂಕ್‌ಗೆ ಜೀವ ತುಂಬಿದ್ದಾರೆ. ಮೊದಲು ಬರೀ ಜಂಭದ ಹುಡುಗಿ. ಕೊನೆಗೆ ಬದುಕಲಿ ಅಂತ ನಾನು ಬಯಸಿದ್ದು ಇವಳನ್ನೇ.

ಆದರೆ ಸಮಸ್ಯೆ ಅಲ್ಲೇ ಇದೆ. ಎಮ್ಮಾ, ಆಡ್ರಿ, ನೋವಾ, ಬ್ರೂಕ್, ಎಮ್ಮಾಳ ಹೊಸ ಗೆಳೆಯ ಕೀರನ್, ವಿಲ್‌ನ ಸ್ನೇಹಿತ ಜೇಕ್. ಈ ಗುಂಪಿಗೆ ಏನೂ ಆಗಲ್ಲ ಅಂತ ಅರ್ಧ ದಾರಿಯಲ್ಲೇ ಗೊತ್ತಾಗಿಬಿಡುತ್ತದೆ. ಎರಡನೇ ಸೀಸನ್‌ಗೆ ಅವರು ಬೇಕು. 2009ರಲ್ಲಿ ಸಿಬಿಎಸ್‌ನಲ್ಲಿ 'ಹಾರ್ಪರ್ಸ್ ಐಲ್ಯಾಂಡ್' ಅಂತ ಒಂದು ಸೀರೀಸ್ ಬಂದಿತ್ತು. ಒಂದು ದ್ವೀಪ, ಒಂದು ಮದುವೆ, 13 ಎಪಿಸೋಡು, ಪ್ರತಿ ಎಪಿಸೋಡಿನಲ್ಲೂ ಕನಿಷ್ಠ ಒಂದು ಹೆಣ. ನಟನೆ ಅಷ್ಟಕ್ಕಷ್ಟೇ. ಆದರೆ ಅದು ಒಂದೇ ಸೀಸನ್‌ಗೆ ಮುಗಿಯುವ ಕಥೆಯಾಗಿತ್ತು. ಯಾರನ್ನು ಬೇಕಾದರೂ ಕೊಲ್ಲುವ ಧೈರ್ಯ ಅದಕ್ಕಿತ್ತು. 'ಸ್ಕ್ರೀಮ್'ಗೆ ನಾಳೆಯ ಚಿಂತೆ ಇದೆ. ಸ್ಲಾಶರ್‌ಗೆ ನಾಳೆಯ ಚಿಂತೆ ಬಂದರೆ ಭಯ ಹೊರಟುಹೋಗುತ್ತದೆ.

ಈಗ ಕೊಲೆಗಾರ. ಅಥವಾ ಕೊಲೆಗಾತಿ. ಪೈಪರ್ ಶಾ. ಅವಳು ಯಾರು ಗೊತ್ತಾ? ಕೊಲೆಗಳ ಬಗ್ಗೆ ಪಾಡ್‌ಕಾಸ್ಟ್ ಮಾಡುವವಳು! ಮೈಕ್ ಮುಂದೆ ಕೂತು ಇದನ್ನು ಹೇಳುವಾಗ ನನಗೇ ನಗು ಬರುತ್ತಿದೆ. ಅಮೆರಿಕದಲ್ಲಿ ಕ್ರೈಮ್ ಪಾಡ್‌ಕಾಸ್ಟ್ ಹುಚ್ಚು ಹತ್ತಿದ್ದು ಸೀರೀಸ್ ಬರುವ ಹಿಂದಿನ ವರ್ಷ, 2014ರಲ್ಲಿ. ಬಿಸಿ ಇರುವಾಗಲೇ ಅದನ್ನು ಕಥೆಗೆ ತಂದಿದ್ದು ಜಾಣತನ. ಸಂತ್ರಸ್ತರ ಮನೆಗೆ ಹೋಗಿ, ಮರುಕದ ದನಿಯಲ್ಲಿ ಪ್ರಶ್ನೆ ಕೇಳಿ, ಅವರ ದುಃಖವನ್ನು ಕಂತು ಕಂತಾಗಿ ಹಂಚುವವಳು. ಅವಳೇ ಕೊಲ್ಲುತ್ತಿದ್ದಾಳೆ. ಎಂಥ ಒಳ್ಳೆಯ ಐಡಿಯಾ!

ಅದನ್ನು ಬಳಸಲೇ ಇಲ್ಲ. ಕೊನೆಯ ಎಪಿಸೋಡಿನಲ್ಲಿ ಕೆರೆಯ ದಂಡೆಯಲ್ಲಿ ಅವಳು ಹೇಳುವ ಕಾರಣ ಬೇರೆ. ಅವಳು ಬ್ರ್ಯಾಂಡನ್ ಜೇಮ್ಸ್ ಮತ್ತು ಮ್ಯಾಗಿಗೆ ಹುಟ್ಟಿದ ಮಗಳು. ತಾಯಿ ಬಿಟ್ಟುಕೊಟ್ಟಳು, ಎಮ್ಮಾಗೆ ಎಲ್ಲ ಸಿಕ್ಕಿತು. ಹೆತ್ತವರ ಗುಟ್ಟಿಗೆ ಮಕ್ಕಳು ಬೆಲೆ ಕೊಡುವುದು 1996ರ ಸಿನಿಮಾದಲ್ಲೂ ಇತ್ತು. ಸಂಬಂಧ ಚೆನ್ನಾಗಿ ಕೂಡಿಬರುತ್ತದೆ, ಒಪ್ಪುತ್ತೇನೆ. ಆದರೆ ಆ ಕಾರಣಕ್ಕೂ ತಾರಸಿಯ ಮೇಲೆ ಸತ್ತ ರೈಲಿಗೂ ಏನು ಸಂಬಂಧ? ರೇಚಲ್‌ಗೆ ಏನು ಸಂಬಂಧ? ರೇಚಲ್ ಎಮ್ಮಾಳ ಗೆಳತಿಯೂ ಅಲ್ಲ. ಯಾರೂ ಕೇಳುವುದಿಲ್ಲ. ಆಡ್ರಿ ಗುಂಡು ಹೊಡೆಯುತ್ತಾಳೆ, ಪೈಪರ್ ಮತ್ತೆ ಏಳುತ್ತಾಳೆ, ಎಮ್ಮಾ ಮುಗಿಸುತ್ತಾಳೆ. ಪದ್ಧತಿ ಪ್ರಕಾರ.

ಆ ಕೊನೆಯ ಎಪಿಸೋಡು ಪ್ರಸಾರ ಆಗಿದ್ದು 2015ರ ಸೆಪ್ಟೆಂಬರ್ 1ರಂದು. ಅದಕ್ಕೆ ಎರಡು ದಿನ ಮೊದಲು, ಆಗಸ್ಟ್ 30ರಂದು, ವೆಸ್ ಕ್ರೇವನ್ ತೀರಿಕೊಂಡರು. ಮೊದಲ ನಾಲ್ಕು 'ಸ್ಕ್ರೀಮ್' ಸಿನಿಮಾ ನಿರ್ದೇಶಿಸಿದವರು, ಈ ಸೀರೀಸ್‌ಗೂ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್. ಆ ವಾರ ನೋಡಿದವರಿಗೆ ಕೊನೆಯ ಎಪಿಸೋಡು ಬೇರೆಯೇ ಥರ ತಟ್ಟಿರಬೇಕು.

ಆದರೆ ಪೈಪರ್ ಸತ್ತ ಮೇಲೆ ಇನ್ನೊಂದು ತಿರುವು ಇದೆ. ನನ್ನ ಪ್ರಕಾರ ಇಡೀ ಸೀಸನ್‌ನ ಒಳ್ಳೆಯ ತಿರುವು ಅದೇ. ಆಡ್ರಿ ಒಬ್ಬಳೇ ಕೂತು ಕಾಗದಗಳನ್ನು ಸುಡುತ್ತಿದ್ದಾಳೆ. ಅವಳಿಗೂ ಪೈಪರ್‌ಗೂ ಮೊದಲೇ ಪತ್ರ ವ್ಯವಹಾರ ಇತ್ತು. ಎಲ್ಲರೂ ಇದನ್ನು ನೋಡಿ ಕೇಳಿದ್ದು ಒಂದೇ: ಹಾಗಾದರೆ ಆಡ್ರಿಯೂ ಕೊಲೆಗಾತಿಯಾ? ನನಗೆ ತಲೆಗೆ ಬಂದದ್ದು ರೇಚಲ್. ಪೈಪರ್ ಈ ಊರಿಗೆ ಬರಲು ಆಡ್ರಿಯ ಪತ್ರಗಳು ಕಾರಣ ಅಂತಾದರೆ, ತಾನು ಪ್ರೀತಿಸಿದ ಹುಡುಗಿಯ ಸಾವನ್ನು ಅವಳೇ ಕರೆತಂದ ಹಾಗಾಯಿತು. ಅದನ್ನು ಯಾರಿಗೂ ಹೇಳುವಂತಿಲ್ಲ. ಎರಡನೇ ಎಪಿಸೋಡಿನಲ್ಲಿ ಅಳಲು ಬಿಡದ ಸೀರೀಸ್ ಈಗ ಅವಳ ಕೈಗೆ ಬೆಂಕಿಪೊಟ್ಟಣ ಕೊಟ್ಟು ಸೀಸನ್ ಮುಗಿಸಿಬಿಟ್ಟಿತು. ಎರಡನೇ ಸೀಸನ್ 2016ರಲ್ಲಿ ಬಂತು, ಆಡ್ರಿಯ ಈ ಗುಟ್ಟಿನ ಬೆನ್ನು ಹತ್ತಿಯೇ ಕಥೆ ಶುರುವಾಗುತ್ತದೆ. ಅದರಲ್ಲಿ ಏನಾಯಿತು ಅಂತ ಇನ್ನೊಂದು ದಿನ ಜಗಳ ಮಾಡೋಣ.