ಲಾಜರನ ಹೆಸರು ಹಿಡಿದ ದಾರಿ

ಪರದೆಯ ಮೇಲೆ ಈಗ ಕಾಣುತ್ತಿರುವ ಪುಟ್ಟ ದ್ವೀಪ ವೆನಿಸ್‌ನ ಲಿಡೊ ತೀರಕ್ಕೆ ಹೊಂದಿಕೊಂಡಂತಿದ್ದು, ಇದನ್ನು ‘ಲಾಜರೆತ್ತೊ ವೆಕ್ಯೊ’, ಅಂದರೆ ಹಳೆಯ ಲಾಜರೆತ್ತೊ ಎಂದು ಕರೆಯುತ್ತಾರೆ. ಪ್ಲೇಗ್ ತಗುಲಿದವರನ್ನು ನಗರದಿಂದ ದೂರವಿಟ್ಟು ಆರೈಕೆ ಮಾಡಲು ವೆನಿಸ್ ಗಣರಾಜ್ಯವು 1423ರಲ್ಲಿ ಇಲ್ಲಿ ಆಸ್ಪತ್ರೆಯೊಂದನ್ನು ತೆರೆಯಿತು. 1468ರಲ್ಲಿ ಮತ್ತೊಂದು ದ್ವೀಪವನ್ನು, ಸೋಂಕಿನ ಶಂಕೆಯಿದ್ದ ಹಡಗುಗಳ ಜನರನ್ನೂ ಸರಕನ್ನೂ ತಡೆದಿರಿಸಲು ಮೀಸಲಿಟ್ಟರು. ಮುಂದೆ ಮೆಡಿಟರೇನಿಯನ್ ಬಂದರುಗಳಲ್ಲೆಲ್ಲ ಇಂಥ ಮನೆಗಳಿಗೆ ಲಾಜರೆತ್ತೊ ಎಂಬುದೇ ಹೆಸರಾಯಿತು. ಈ ದ್ವೀಪದಲ್ಲಿ ಮೊದಲಿದ್ದ ನಜರೇತಿನ ಸಂತ ಮರಿಯಳ ಮಠದ ಹೆಸರೂ ಇದರಲ್ಲಿ ಬೆರೆತಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಆದರೂ ಆ ಪದಕ್ಕೆ ‘ಲಾ’ಕಾರವನ್ನು ಕೊಟ್ಟವನು ಬೈಬಲಿನ ಲಾಜರ.

ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯದಲ್ಲಿ, ಅಂದರೆ ನೀತಿಕಥೆಯಲ್ಲಿ, ಮೈತುಂಬ ಹುಣ್ಣಾದ ಲಾಜರನೆಂಬ ಭಿಕ್ಷುಕನೊಬ್ಬ ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದುಕೊಂಡು, ಅವನ ಮೇಜಿನಿಂದ ಬೀಳುವ ತುಣುಕುಗಳಿಗಾಗಿ ಹಂಬಲಿಸುತ್ತಾನೆ; ನಾಯಿಗಳು ಬಂದು ಅವನ ಹುಣ್ಣುಗಳನ್ನು ನೆಕ್ಕುತ್ತವೆ. ನನ್ನನ್ನು ಬಹಳವಾಗಿ ತಟ್ಟುವ ಸಂಗತಿಯೆಂದರೆ, ಆ ಐಶ್ವರ್ಯವಂತನಿಗೆ ಇಲ್ಲಿ ಹೆಸರೇ ಇಲ್ಲ. ಇದೇ ಸಾಮ್ಯದಲ್ಲಿ ಬರುವ ಮೂಲಪಿತೃ ಅಬ್ರಹಾಮನನ್ನು ಬಿಟ್ಟರೆ, ಯೇಸುವಿನ ಸಾಮ್ಯಗಳಲ್ಲಿ ಹೆಸರು ಪಡೆದಿರುವ ಏಕೈಕ ಪಾತ್ರ ಈ ಭಿಕ್ಷುಕ. ಅದೂ ಹೀಬ್ರೂವಿನ ಎಲ್ಲಾಜಾರ್ ಎಂಬುದರಿಂದ ಬಂದ, ‘ದೇವರು ನೆರವಾದನು’ ಎಂಬ ಅರ್ಥದ ಹೆಸರು.

ಯೋಹಾನನ ಸುವಾರ್ತೆಯಲ್ಲಿ ಸತ್ತು ನಾಲ್ಕು ದಿನವಾದ ಮೇಲೆ ಬದುಕಿ ಬಂದ ಬೇಥಾನ್ಯದ ಲಾಜರ ಬೇರೆ ವ್ಯಕ್ತಿ. ಅಳಿದುಹೋಯಿತೆಂದು ತಿಳಿದಿದ್ದ ಜೀವಿ ಮತ್ತೆ ಕಾಣಿಸಿಕೊಂಡಾಗ ಜೀವವಿಜ್ಞಾನಿಗಳು ಬಳಸುವುದು ಅವನ ಹೆಸರನ್ನು. ಮಧ್ಯಯುಗದ ಜನರ ಮನಸ್ಸಿನಲ್ಲಿ ಇಬ್ಬರೂ ಎಷ್ಟೋ ಸಲ ಒಬ್ಬರೇ ಆಗಿಬಿಟ್ಟರು.

ಭಿಕ್ಷುಕ ಲಾಜರನಿಗೆ ಕುಷ್ಠವಿತ್ತೆಂದು ಲೂಕನು ಎಲ್ಲಿಯೂ ಬರೆದಿಲ್ಲ. ಹಾಗಿದ್ದರೂ ಯೂರೋಪಿನಲ್ಲಿ ಅವನನ್ನು ಕುಷ್ಠರೋಗಿಗಳ ಪೋಷಕ ಸಂತನೆಂದು ನಂಬಿದರು. 12ನೇ ಶತಮಾನದಲ್ಲಿ ಜೆರುಸಲೇಮಿನ ಗೋಡೆಯ ಹೊರಗೆ ಅವರನ್ನು ನೋಡಿಕೊಳ್ಳುತ್ತಿದ್ದ ಸಂಘ ಸಂತ ಲಾಜರನ ಹೆಸರನ್ನೇ ಇಟ್ಟುಕೊಂಡಿತು. ಇಂಗ್ಲಿಷಿನಲ್ಲಿ ‘ಲೇಜರ್’ (lazar) ಎಂದರೆ ಕುಷ್ಠರೋಗಿ ಎಂದೇ ಅರ್ಥವಾಯಿತು. ಆರೈಕೆಯ ಹಂಬಲದಿಂದಲೇ ಆರಂಭವಾದ ಈ ಬಳಕೆ, ಮನುಷ್ಯನೊಬ್ಬನ ಹೆಸರನ್ನು ಅವನ ಕಾಯಿಲೆಗೆ ಅಂಟಿಸಿ, ಆಮೇಲೆ ಅವನನ್ನು ಕೂಡಿಹಾಕುವ ಕಟ್ಟಡಕ್ಕೂ ಅಂಟಿಸಿದ್ದು ನನಗೆ ಅನ್ಯಾಯವೆಂದೇ ತೋರುತ್ತದೆ. ನೇಪಲ್ಸ್ ನಗರದಲ್ಲಿ ಬೀದಿಯ ಬಡವರನ್ನು ‘ಲಾಜರೋನಿ’ ಎಂದು ಕರೆದರು; ಇಂದಿನ ಇಟಾಲಿಯನ್ ಭಾಷೆಯಲ್ಲಿ ‘ಲಾಜರೋನೆ’ ಎಂಬುದು ಸೋಮಾರಿ, ಪೋಕರಿ ಎಂದು ಬೈಯುವ ಮಾತು.