ಭಾರ ಎತ್ತುವ ಸರಪಳಿಗೆ ಬೋಲ್ಟ್ ಬೇಡ, ಬೇಡ, ಬೇಡ

ನಮಸ್ಕಾರ. ಹೋದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: "ಸರಪಳಿ ಕಡಿದರೆ ಎರಡೂ ತುದಿ ಸೇರಿಸಿ ದಪ್ಪ ಬೋಲ್ಟ್ ಹಾಕಿ, ನಟ್ಟು ಬಿಗಿದರೆ ಆಯ್ತು." ಅದಕ್ಕೆ ಲೈಕ್ ಬೇರೆ! ಇದಕ್ಕೆ ಉತ್ತರ ಕೊಡದೆ ನನಗೆ ಸಮಾಧಾನ ಇಲ್ಲ.

ಆಗಲ್ಲ. ಭಾರ ಎತ್ತುವ ಸರಪಳಿಗೆ ಬೋಲ್ಟ್ ಬೇಡ.

10 ಮಿಲಿಮೀಟರ್ ದಪ್ಪದ ಗ್ರೇಡ್ 80 ಸರಪಳಿ ತಗೊಳ್ಳಿ, ಅಂದರೆ ಭಾರ ಎತ್ತೋಕೆ ಅಂತಲೇ ಮಾಡಿದ ಗಟ್ಟಿ ಉಕ್ಕಿನ ಸರಪಳಿ. ಒಂಟಿ ಎಳೆಯಲ್ಲಿ ನೇರವಾಗಿ ಎತ್ತಿದರೆ ಅದರ ಮಿತಿ 3.15 ಟನ್. ಮುರಿಯುವ ಭಾರ ಅದರ ಸುಮಾರು ನಾಲ್ಕು ಪಟ್ಟು. ಈ ನಾಲ್ಕು ಪಟ್ಟು ಸುಮ್ನೆ ಇಟ್ಟಿದ್ದಲ್ಲ. ಸವೆತ, ಸಣ್ಣಪುಟ್ಟ ಜಗ್ಗಾಟ, ಕಣ್ಣಿಗೆ ಕಾಣದ ಪೆಟ್ಟು, ಎಲ್ಲಕ್ಕೂ ಅದೇ ಆಸರೆ. ಇಷ್ಟು ಗಟ್ಟಿ ಸರಪಳಿಯ ಮಧ್ಯೆ ಒಂದು ಬೋಲ್ಟ್ ತೂರಿಸಿದರೆ ಇಡೀ ಸರಪಳಿಯ ಶಕ್ತಿ ಆ ಬೋಲ್ಟಿನದಷ್ಟೇ. ಬೋಲ್ಟ್ ಇರುವುದು ಎರಡು ತಗಡನ್ನು ಅದುಮಿ ಹಿಡಿಯೋಕೆ. ಕೊಂಡಿಗಳು ಎಳೆದಾಗ ಅದು ಬಾಗುತ್ತದೆ. ತಿರುಪಿನ ಗೆರೆಯ ತಳದಲ್ಲಿ ಬಿರುಕು ಬಿಡುತ್ತದೆ. ಆಮೇಲೆ ಒಂದು ದಿನ ಪಟ್ ಅಂತ ಹೋಗುತ್ತದೆ.

"ಬೋಲ್ಟಿನ ತಲೆ ಮೇಲೆ 8.8 ಅಂತ ಇದೆಯಲ್ಲ?" ಇದೆ. ಅದು ಲೋಹದ ಗಟ್ಟಿತನ. ಇಷ್ಟು ಭಾರ ತೂಗುಹಾಕಬಹುದು ಅಂತ ಅದು ಹೇಳಲ್ಲ.

"ಹಾಗಾದರೆ ವೆಲ್ಡಿಂಗ್ ಮಾಡಿಸುತ್ತೇವೆ." ಅಯ್ಯೋ, ಅದನ್ನಂತೂ ಮಾಡಲೇಬೇಡಿ! ಗ್ರೇಡ್ 80 ಸರಪಳಿಗೆ ಆ ಬಲ ಬರುವುದೇ ಕಾಯಿಸಿ ಹದ ಮಾಡಿದ್ದರಿಂದ. ವೆಲ್ಡಿಂಗ್ ಬಿಸಿಗೆ ಆ ಹದ ಹೋಗುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗಲ್ಲ.

ಸರಿಯಾದ ವಸ್ತು ಇದ್ದೇ ಇದೆ. ಅದೇ ಗ್ರೇಡಿನ, ಅದೇ ಅಳತೆಯ ಕಪ್ಲಿಂಗ್ ಲಿಂಕ್, ಅಂದರೆ ಜೋಡಿಸುವ ಕೊಂಡಿ. ಎರಡು ಅರ್ಧ, ನಡುವೆ ಪಿನ್ನು, ಪಿನ್ನು ಜಾರದಂತೆ ಹಿಡಿಯುವ ಸಣ್ಣ ಕೊಳವೆ. ಇಲ್ಲವೇ ಎಷ್ಟು ಟನ್ ಅಂತ ಮೈಮೇಲೆ ಅಚ್ಚೊತ್ತಿದ ಶಾಕಲ್, ಅಂದರೆ ಬಾಯಿಗೆ ಅಡ್ಡ ಪಿನ್ನು ಇರುವ U ಆಕಾರದ ಕೊಂಡಿ. ತುಂಬಾ ದಿನ ಹಾಗೇ ಬಿಡುವುದಾದರೆ, ಅಥವಾ ಪಿನ್ನು ತಿರುಗುವ ಜಾಗವಾದರೆ, ನಟ್ಟು ಮತ್ತು ಆ ನಟ್ಟು ಬಿಚ್ಚಿಹೋಗದಂತೆ ತಡೆಯುವ ಕಾಟರ್ ಪಿನ್ ಇರುವ ಶಾಕಲ್ ಹಾಕಿ. ಶಾಕಲ್‌ನ ಅಡ್ಡಕ್ಕೆ ಎಳೆಯಬೇಡಿ. 90 ಡಿಗ್ರಿಯಲ್ಲಿ ಎಳೆದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ. ಇನ್ನು, ಶಾಕಲ್ ಪಿನ್ನು ಕಳೆದುಹೋಯಿತು ಅಂತ ಆ ತೂತಿಗೆ ಬೋಲ್ಟ್ ಹಾಕುವವರೂ ಇದ್ದಾರೆ. ಮತ್ತೆ ಅದೇ ಬೋಲ್ಟ್! ಹೊಸ ಶಾಕಲ್ ತಗೊಳ್ಳಿ.

"ನಾವು ವರ್ಷಗಟ್ಟಲೆ ಹಾಕಿದ್ದೇವೆ, ಏನೂ ಆಗಿಲ್ಲ." ಇದೊಂದು ವಾದವಾ? ಇಲ್ಲಿಯವರೆಗೆ ಮುರಿದಿಲ್ಲ, ಅಷ್ಟೇ. ಕೆಳಗೆ ಮನುಷ್ಯರು ನಿಂತಿರುತ್ತಾರೆ ಸ್ವಾಮಿ! ಮೈಮೇಲೆ ಭಾರದ ಮಿತಿ ಬರೆದಿಲ್ಲದ ಯಾವುದನ್ನೂ ಸರಪಳಿಗೆ ಸೇರಿಸಬೇಡಿ. ಬೋಲ್ಟ್ ಬೇಡ ಅಂದರೆ ಬೇಡ. ದಪ್ಪ ಬೋಲ್ಟೂ ಬೇಡ, ಹೊಸ ಬೋಲ್ಟೂ ಬೇಡ, ಎರಡು ಬೋಲ್ಟೂ ಬೇಡ!

ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ. ನಿಮ್ಮ ಜೊತೆ ಭಾರ ಎತ್ತುವ ಕೆಲಸ ಮಾಡುವವರಿಗೆ ಈ ವಿಡಿಯೊ ಕಳಿಸಿ. ಮುಂದಿನ ಸಲ ಬಾಯಿ ಅಗಲವಾದ ಕೊಕ್ಕೆಗಳ ವಿಚಾರಕ್ಕೆ ಬರುತ್ತೇನೆ, ಅದರ ಬಗ್ಗೆಯೂ ಹೇಳೋದು ಜಾಸ್ತಿ ಇದೆ.